ಸುನಂದಮ್ಮನ ಹನ್ನೆರಡು ಆಳುಗಳು

ಹುಣಸೂರಿನ ಸುನಂದಮ್ಮನಿಗೆ ಈಗ ಐವತ್ತೇಳು ವರ್ಷ. ಅದರಲ್ಲಿ ಇಪ್ಪತ್ತು ವರ್ಷ ಬಸ್ಸಿನಲ್ಲೇ ಕಳೆದಿದೆ ಎಂದರೆ ಸುಳ್ಳಾದೀತು. ಹತ್ತೊಂಬತ್ತು ಎಂದರೆ ಯಾರೂ ತಕರಾರು ತೆಗೆಯುವುದಿಲ್ಲ. ಬೆಳಿಗ್ಗೆ ಹುಣಸೂರಿನಲ್ಲಿ ಬಸ್ಸು ಹತ್ತಿ ಎಚ್.ಡಿ. ಕೋಟೆಯಲ್ಲಿ ಇಳಿಯುವಷ್ಟರಲ್ಲಿ ಮೈಯ ಮೂಳೆಗಳೆಲ್ಲ ಜಾಗ ಬದಲಾಯಿಸಿಕೊಂಡಿರುತ್ತವೆ. ಸಂಜೆ ಅದೇ ಗುಂಡಿಗಳು ಅವನ್ನು ಮತ್ತೆ ಸ್ವಸ್ಥಾನಕ್ಕೆ ತಂದು ಕೂರಿಸುತ್ತವೆ. ಹೀಗಾಗಿ ಡಾಕ್ಟರ ಖರ್ಚಿಲ್ಲ.

ಮೊದಲು ಆಕೆ ಹುಣಸೂರಿನ ಒಂದು ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪು ಮಾಡುತ್ತಿದ್ದರು. ಅವರ ಬೆರಳುಗಳು ಒಂದು ವೈಶಾಖ ಮಾಸ ರಜೆ ಹಾಕಿದ್ದರೆ ತಾಲ್ಲೂಕಿನ ಅರ್ಧ ಗಂಡಸರು ಇವತ್ತಿಗೂ ಬ್ರಹ್ಮಚಾರಿಗಳಾಗಿರುತ್ತಿದ್ದರು. ಆಮೇಲೆ ಲಗ್ನಪತ್ರಿಕೆ ಫೋನಿನೊಳಗೇ ಹುಟ್ಟಿ ಫೋನಿನೊಳಗೇ ಸಾಯತೊಡಗಿತು. ಅಂಗಡಿ ಮುಚ್ಚಿತು. ಕೀಲಿಮಣೆ ಬಲ್ಲ ಹೆಂಗಸು ಎಂಬ ಒಂದೇ ಅರ್ಹತೆಯ ಮೇಲೆ ಆನೆ ಎಚ್ಚರಿಕೆ ಕೊಡುವ ಒಂದು ಸಣ್ಣ ಸಂಸ್ಥೆ ಅವರನ್ನು ಕೋಟೆಯಲ್ಲಿ ಕೆಲಸಕ್ಕೆ ಇಟ್ಟುಕೊಂಡಿತು.

ಗೊಬ್ಬರದ ಅಂಗಡಿಯ ಮೇಲೆ ಒಂದು ಕೋಣೆ. ಅದರಲ್ಲಿ ಆರು ಹಳೆಯ ಕಂಪ್ಯೂಟರುಗಳನ್ನು ಒಂದಕ್ಕೊಂದು ತಂತಿ ಬಿಗಿದು ಕೂರಿಸಿದ್ದಾರೆ. ಆರೂ ಒಟ್ಟಿಗೆ ದುಡಿಯಲು ಶುರು ಮಾಡಿದರೆ ಅವುಗಳ ಫ್ಯಾನಿನ ಗಾಳಿಗೆ ಕೆಳಗಿನ ಯೂರಿಯಾ ಮೂಟೆಗಳು ತಾವೇ ಲಾರಿ ಹತ್ತುತ್ತವೆ. ಕಾಕನಕೋಟೆ ಕಾಡಿನಂಚಿನ ಮರಗಳಿಗೆ ಕಟ್ಟಿದ ಕ್ಯಾಮೆರಾಗಳಿಂದ ಫೋಟೋಗಳು ದಿನಕ್ಕೆ ಮೂರು ಸಲ ಇಲ್ಲಿಗೆ ಬಂದು ಬೀಳುತ್ತವೆ, ಕೊನೆಯ ಸರದಿ ಸಂಜೆ ನಾಲ್ಕಕ್ಕೆ. ಕಂಪ್ಯೂಟರುಗಳು ಅವನ್ನು ಜಾಲಿಸಿ ನೋಡುತ್ತವೆ. ಆನೆ ಕಂಡರೆ ಆಯಾ ಹಾಡಿಯ, ಅಂದರೆ ಕಾಡಂಚಿನ ಆದಿವಾಸಿ ಕೇರಿಯ, ಬಾಯಲ್ಲಿ ನಿಲ್ಲಿಸಿದ ಕಂಬ ರೇಡಿಯೋ ಮೂಲಕ ಸುದ್ದಿ ಪಡೆದು ಕೂಗುತ್ತದೆ: "ಆನೆ ಇದೆ, ಇದ್ದಲ್ಲೇ ಇರಿ." ಅಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಹನ್ನೆರಡು ಹಾಡಿಗಳಿಗೆ ಹನ್ನೆರಡು ಕಂಬಗಳೇ ಕಿವಿ. ಆ ಸೀಮೆಯ ಆನೆಗಳೋ, ಸೊಂಡಿಲು ಅಂತರಸಂತೆಯಲ್ಲಿ ಬಾಳೆ ಮುರಿಯುತ್ತಿದ್ದರೆ ಬಾಲ ಕೇರಳದಲ್ಲಿ ನೊಣ ಓಡಿಸುತ್ತಿರುವಷ್ಟು ಉದ್ದದವು.

ಈ ಕೆಲಸವನ್ನು ಆರು ಯಂತ್ರಗಳಿಗೆ ಹಂಚಲು ಒಂದು ಪ್ರೋಗ್ರಾಂ ಇದೆ. ಸುನಂದಮ್ಮ ಅದನ್ನು ಮೇಸ್ತ್ರಿ ಎನ್ನುತ್ತಾರೆ. ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ಮೇಸ್ತ್ರಿ ಬೆಳಿಗ್ಗೆ ಆಳುಗಳನ್ನು ಕೂಗಿ ನೀನು ಈ ಹೊಲಕ್ಕೆ, ನೀನು ಆ ಹೊಲಕ್ಕೆ ಎಂದು ಅಟ್ಟುವಂತೆ ಇದೂ ಅಟ್ಟುತ್ತದೆ. ಆದರೆ ಈ ಆಳುಗಳಿಗೆ ನಿನ್ನೆಯ ನೆನಪಿಲ್ಲ. ಎಬ್ಬಿಸಿದಾಗ ಹುಟ್ಟುತ್ತವೆ, ಕೆಲಸ ಮುಗಿದಾಗ ಇಲ್ಲವಾಗುತ್ತವೆ. ಆದ್ದರಿಂದ ಮೇಸ್ತ್ರಿ ಪ್ರತಿ ಆಳಿನ ಕೈಗೂ ಎದ್ದ ಕ್ಷಣವೇ ಒಂದು ಚೀಟಿ ಕೊಡುತ್ತಾನೆ: ನಿನ್ನ ನಂಬರ್ ಇಷ್ಟು, ನೀನು ಇರುವ ಯಂತ್ರ ಇದು, ನಿನ್ನ ಸಾಮಾನು ಇಡುವ ಜಾಗ ಇದು, ಇಷ್ಟಕ್ಕಿಂತ ಹೆಚ್ಚು ಮೆಮೊರಿ ತಿನ್ನಬೇಡ. ಮೈಸೂರಿನಲ್ಲಿ ಕುಳಿತು ಈ ಪ್ರೋಗ್ರಾಂ ನೋಡಿಕೊಳ್ಳುವ ಪಿರಿಯಾಪಟ್ಟಣದ ಚೇತನ್ಕುಮಾರ್ ಅದಕ್ಕೆ ಎನ್ವಿರಾನ್‌ಮೆಂಟ್ ವೇರಿಯಬಲ್ ಎನ್ನುತ್ತಾನೆ. ಸುನಂದಮ್ಮ ಆ ಹೆಸರನ್ನು ಒಂದೇ ಸಲ ಹೇಳಿ, ಬಾಯಿ ನೋವೆಂದು ಚೀಟಿಗೇ ನಿಂತರು.

ಹೋದ ಸೋಮವಾರದವರೆಗೆ ಒಂದೇ ದೊಡ್ಡ ಆಳು ಹನ್ನೆರಡೂ ಹಾಡಿಯ ಫೋಟೋ ನೋಡುತ್ತಿತ್ತು. ಬಲು ನಿಧಾನ, ಕೆಲವು ಸಲ ಆನೆ ಬಂದು, ಮೇಯ್ದು, ಮಲಗಿ, ಎದ್ದು ಹೋದ ಮೇಲೆ ಕಂಬ ಕೂಗುತ್ತಿತ್ತು. ಸೋಮವಾರದಿಂದ ಹಾಡಿಗೊಂದು ಆಳು. ಯಾವ ನಂಬರಿಗೆ ಯಾವ ಹಾಡಿ ಎಂಬ ಪಟ್ಟಿ ಬರೆಯುವ ಕೆಲಸ ಸುನಂದಮ್ಮನದು. ಆಳು ತನ್ನ ಚೀಟಿಯ ನಂಬರ್ ನೋಡಿ, ಪಟ್ಟಿಯಲ್ಲಿ ಆ ನಂಬರಿನ ಹಾಡಿ ಹುಡುಕಿ, ಅಲ್ಲಿಯ ಫೋಟೋ ನೋಡಬೇಕು. ನಾಲ್ಕು ದಿನ ಪರದೆಯ ಮೇಲೆ ಹನ್ನೆರಡು ಹಸಿರು ಚುಕ್ಕೆ. ಸುನಂದಮ್ಮ ನೆಮ್ಮದಿಯಾಗಿ ಆಕಳಿಸಿದರು.

ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಮೆಟ್ಟಿಲ ಮೇಲೆ ಭಾರದ ಹೆಜ್ಜೆ ಕೇಳಿಸಿತು. ಬಂದವನು ದೊಡ್ಡಮಾದಯ್ಯ, ಪಟ್ಟಿಯ ಕೊನೆಯ ಹಾಡಿಯವನು. ಬೆಳಿಗ್ಗೆ ಹೊರಟ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಉಳಿದ ದಾರಿಗೆ ಸೌದೆಯ ಟ್ರ್ಯಾಕ್ಟರ್ ಹತ್ತಿ ಬಂದಿದ್ದ.

"ಸುನಂದಕ್ಕ, ನಮ್ ಕಂಬ ಬಾಯೇ ಬುಡ್ತಿಲ್ಲ ಕಣಕ್ಕ."

"ದೀಪ ಉರೀತದಾ ಮಾದಯ್ಯ?"

"ದೀಪ ಉರೀತದೆ. ನಾಲ್ಕು ದಿನದಿಂದ ಮಾತಿಲ್ಲ ಅಷ್ಟೆ. ನೆನ್ನೆ ಆನೆ ಬಂದು ನಮ್ ಕೆಂಚಿ ಮುಂದ್ಗಡೆನೇ ನಿಂತ್ಕಂಡದೆ. ಕುಡ್ಲು ಬಿಸಾಕಿ ಓಡವಳೆ. ಓಡಿದ್ ಓಟಕ್ಕೆ ಚಪ್ಲಿ ಇನ್ನೂ ಅಲ್ಲೇ ಓಡ್ತಾ ಅವೆ."

ಸುನಂದಮ್ಮನಿಗೆ ನಗು ಬರಲಿಲ್ಲ. ಅವನಿಗೂ ಬಂದಿರಲಿಲ್ಲ. ಕೆಂಚಿ ಅವನ ಹೆಂಡತಿ.

"ಇವತ್ತು?"

"ಇವತ್ತೂ ಎಂಟಾನೆ ಕಂದಕದ ಪಕ್ಕ ಬಿದಿರಲ್ಲಿ ಅವೆ. ಬೆಳಗ್ಗೆ ಬಸ್ಸಿಂದ್ಲೇ ಕಂಡೆ. ಕೆಂಚಿ, ಇನ್ನೂ ಹತ್ತು ಎಂಗಸ್ರು ಆಚೆ ಶುಂಠಿ ಹೊಲದಲ್ಲಿ ಕಳೆ ಕೀಳ್ತಾವ್ರೆ. ನಾಲ್ಕೂವರೆಗೆ ಕೂಲಿ ಬುಡ್ತದೆ. ಕಂಬ ಕೂಗುದ್ರೆ ಹೊಲದಲ್ಲೇ ಕೂತ್ಕತಾರೆ. ಕೂಗ್ದಿದ್ರೆ ಆನೆ ಇಲ್ಲ ಅಂತ ಬಿದಿರು ದಾರೀಲೇ ಬತ್ತಾರೆ. ನಾನೀಗ ಓದ್ರೂ ಐದೂವರೆ ಆಯ್ತದೆ."

ಅಂದರೆ ಉಳಿದದ್ದು ನಾಲ್ಕರ ಸರದಿ ಒಂದೇ. ಸುನಂದಮ್ಮ ಅರಣ್ಯ ಕಾವಲುಗಾರನಿಗೆ ಫೋನು ಹಚ್ಚಿದರು. ವ್ಯಾಪ್ತಿ ಪ್ರದೇಶದ ಹೊರಗಿದ್ದ. ಚೇತನ್ಕುಮಾರನಿಗೆ ಹಚ್ಚಿದರು.

"ಮೇಡಂ, ನನ್ನ ಕಡೆ ಹನ್ನೆರಡಕ್ಕೆ ಹನ್ನೆರಡೂ ಹಸಿರು. ಎಲ್ಲಾ ಟಾಸ್ಕೂ ಮುಗಿದಿದೆ ಅಂತಿದೆ."

"ಹಸಿರು ನಿಮ್ಮ ಪರದೇಲಿ ಇರ್ಲಿ ಕಣಪ್ಪ. ಇಲ್ಲಿ ಹನ್ನೊಂದು ಹೆಂಗಸ್ರು ಆನೆ ಬಾಯಿಗೆ ನಡ್ಕೊಂಡು ಹೋಗ್ತಾರೆ."

"ಒಂದ್ ಕೆಲ್ಸ ಮಾಡಿ. ಪ್ರತಿ ಟಾಸ್ಕೂ, ಅಂದ್ರೆ ನಿಮ್ಮ ಆಳು, ಲಾಗ್ ಅಂತ ಕೆಲ್ಸದ ದಿನಚರಿ ಇಟ್ಟಿರುತ್ತೆ, ಅದರ ಮೊದಲನೇ ಸಾಲಲ್ಲಿ ತನ್ನ ಚೀಟಿ ಬರ್ಕೊಂಡಿರುತ್ತೆ. ಅದನ್ನ ನೋಡಿ. ನಾನು ಮೀಟಿಂಗಲ್ಲಿದ್ದೀನಿ, ಹತ್ತು ನಿಮಿಷಕ್ಕೆ ಬಂದೆ."

ಹತ್ತು ನಿಮಿಷ ಎಂದರೆ ಮೈಸೂರಿನಲ್ಲಿ ಎಷ್ಟು ಎಂಬುದು ಯಾವ ಪಂಚಾಂಗದಲ್ಲೂ ಇಲ್ಲ. ಸುನಂದಮ್ಮ ಕನ್ನಡಕ ಏರಿಸಿ ಒಂದೊಂದೇ ಲಾಗು ತೆರೆದು ಗಟ್ಟಿಯಾಗಿ ಓದತೊಡಗಿದರು. ದೊಡ್ಡಮಾದಯ್ಯ ಬೆರಳು ಮಡಿಸುತ್ತಾ ನಿಂತ.

"ನಂಬರ್ ಮೂರು, ಫೋಟೋ ನಲವತ್ತು. ನಂಬರ್ ಎರಡು, ಫೋಟೋ ಇಪ್ಪತ್ತೆಂಟು. ನಂಬರ್ ಹನ್ನೊಂದು, ಫೋಟೋ ಮೂವತ್ತಾರು."

ಎಲ್ಲವೂ ಸರಿ ಇದ್ದವು. ಒಂದರ ಹತ್ತಿರ ಅವರ ದನಿ ನಿಂತಿತು.

"ನಂಬರ್ ಸೊನ್ನೆ. ಹಾಡಿ, ಖಾಲಿ. ಫೋಟೋ, ಇಲ್ಲ. ಕೆಲಸ ಮುಗಿಯಿತು."

"ಇವನ್ಯಾರಕ್ಕ, ಮನೆಯಿಲ್ದೋನು? ಸೋಮ್ವಾರದಿಂದ ಕೂಲಿ ಒಡೀತಾವನೆ!"

"ಇರು. ಹನ್ನೆರಡು ಎಲ್ಲಿ?"

ಮತ್ತೆ ಎಣಿಸಿದರು. ಮೇಸ್ತ್ರಿ ಎಣಿಸುವುದೇ ಸೊನ್ನೆಯಿಂದ: ಸೊನ್ನೆಯಿಂದ ಹನ್ನೊಂದರವರೆಗೆ ಹನ್ನೆರಡು ಆಳು. ಹನ್ನೆರಡನೇ ನಂಬರಿನ ಚೀಟಿಯನ್ನು ಮೇಸ್ತ್ರಿ ಯಾರಿಗೂ ಕೊಟ್ಟೇ ಇರಲಿಲ್ಲ. ಪಟ್ಟಿಯಲ್ಲಿ ಹನ್ನೆರಡರ ಎದುರು ಇದ್ದದ್ದು ದೊಡ್ಡಮಾದಯ್ಯನ ಹಾಡಿ.

ಸುನಂದಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಅಪ್ಪ ಭೇರ್ಯದಲ್ಲಿ ಕಣಗಳಿಗೆ ಹೋಗಿ ಭತ್ತ ಅಳೆಯುತ್ತಿದ್ದವರು. ಮೊದಲ ಕೊಳಗ ಸುರಿಯುವಾಗ ಒಂದು ಎನ್ನುತ್ತಿರಲಿಲ್ಲ, "ಲಾಭ" ಎನ್ನುತ್ತಿದ್ದರು. ಆಮೇಲೆ ಎರಡು, ಮೂರು. ಬರಿಗೊಳಗವನ್ನು ರಾಶಿಯ ಮುಂದೆ ಎತ್ತಿ ತೋರಿಸಿದವನಿಗೆ ಆ ಕಣದಲ್ಲಿ ಊಟವಿರಲಿಲ್ಲ. ಅಂಥ ಮನೆಯಲ್ಲಿ ಬೆಳೆದ ಕೈ ಇದು. ಪಟ್ಟಿ ಬರೆಯುವ ದಿನ ಚೇತನ್ಕುಮಾರ್ "ಸೊನ್ನೆಯಿಂದ ಶುರು ಮಾಡಿ ಮೇಡಂ" ಎಂದು ಎರಡು ಸಲ ಹೇಳಿದ್ದ. ಒಂದು ಊರಿನ ಹೆಸರಿನ ಎದುರು ಸೊನ್ನೆ ಸುತ್ತುವುದೇ? ಮಕ್ಕಳು ಮರಿ ಇರುವ ಜಾಗಕ್ಕೆ? ಕೈ ಏಳಲಿಲ್ಲ. ಒಂದು ನಂಬರಿನಲ್ಲಿ ಏನು ಮಹಾ ಎಂದುಕೊಂಡು ಒಂದರಿಂದಲೇ ಬರೆದಿದ್ದರು.

"ತಪ್ಪು ನಂದೇ ಮಾದಯ್ಯ," ಎಂದು ಎಲ್ಲವನ್ನೂ ಹೇಳಿದರು. "ಯಾರಿಗೆ ಸೊನ್ನೆ ಹಾಕ್ಲಿ ಅಂತ ಬಿಟ್ಟುಬಿಟ್ಟೆ. ಈಗ ಎಲ್ಲಾ ಅಳಿಸಿ ಸೊನ್ನೆಯಿಂದ ಬರೀಬೇಕು."

ದೊಡ್ಡಮಾದಯ್ಯ ಪರದೆಯ ಮೇಲಿನ ಸೊನ್ನೆಗೆ ಬೆರಳಿಟ್ಟ. ಗೋಡೆಯ ಗಡಿಯಾರ ನಾಲ್ಕಕ್ಕೆ ಹದಿನೈದು ನಿಮಿಷ ತೋರಿಸುತ್ತಿತ್ತು.

"ಎಲ್ಲಾ ಅಳಿಸಿ ಬರೆಯಾದ್ ಯಾಕಕ್ಕ? ನಮ್ ಅನ್ನೆರಡು ತಗ್ದು ಸೊನ್ನೆ ಮಾಡ್ಬುಡಿ. ಆ ಮನೆಯಿಲ್ದೋನ್ಗೂ ಒಂದ್ ಹಾಡಿ ಆಯ್ತದೆ."

"ಬೇಡ ಕಣಪ್ಪ. ಸೊನ್ನೆ ಅಂದ್ರೆ..."

"ಸೊನ್ನೆ ನಮ್ಗೇನ್ ಒಸದಾ? ಅರ್ಜಿ ಕೊಟ್ಟಲ್ಲೆಲ್ಲಾ ಅದ್ನೇ ಕೊಟ್ಟವ್ರೆ. ಇದೊಂದಾದ್ರೂ ಕೂಗ್ತದಲ್ಲ. ಬರೀರಿ."

ಲಕ್ಷ ಲಗ್ನಪತ್ರಿಕೆ ಬಡಿದ ಬೆರಳು ಒಂದು ಸೊನ್ನೆಗೆ ಅಷ್ಟು ಹೊತ್ತು ತೆಗೆದುಕೊಂಡದ್ದು ಅದೇ ಮೊದಲು. ಬರೆದರು. ಪಟ್ಟಿ ಉಳಿಸಿದರು. ಇಬ್ಬರೂ ಕುಳಿತರು.

ನಾಲ್ಕಕ್ಕೆ ಫ್ಯಾನುಗಳು ಬೊಬ್ಬಿಟ್ಟವು. ಮೇಸ್ತ್ರಿ ಆಳುಗಳನ್ನು ಎಬ್ಬಿಸಿ ಚೀಟಿ ಹಂಚಿದ. ಸುನಂದಮ್ಮ ಹಸಿರು ಚುಕ್ಕೆಗಳತ್ತ ನೋಡಲಿಲ್ಲ. ಸೊನ್ನೆಯ ಲಾಗನ್ನೇ ತೆರೆದಿಟ್ಟುಕೊಂಡರು. ಹಾಡಿಯ ಹೆಸರು ಬಂತು. ಫೋಟೋ ಮೂವತ್ತೊಂದು. ಆನೆ ಎಂಟು. ನಾಲ್ಕೂ ಏಳಕ್ಕೆ ಕಂಬದಿಂದ ಮರುತ್ತರ ಬಂತು: ಕೂಗಿದೆ.

"ಕೂಗ್ತಂತೆ ಮಾದಯ್ಯ."

ಅವನು ತಲೆಯಾಡಿಸಿದ. ಬೆಳಗಿನಿಂದ ಹೊಟ್ಟೆಗೇನೂ ಬಿದ್ದಿರಲಿಲ್ಲ. ಸುನಂದಮ್ಮ ಡಬ್ಬಿಯಲ್ಲಿ ಉಳಿದಿದ್ದ ಚಿತ್ರಾನ್ನ ಮುಂದಿಟ್ಟರು. ಅವನು ಅದನ್ನು ಮುಗಿಸಿ, ಕೈ ತೊಳೆದು, ಐದರ ಬಸ್ಸಿಗೆ ಇಳಿದು ಹೋದ. ಚೇತನ್ಕುಮಾರನ ಹತ್ತು ನಿಮಿಷ ಇನ್ನೂ ಮುಗಿದಿರಲಿಲ್ಲ.

ಮರುದಿನ ಆ ಮಾರ್ಗದ ಕಂಡಕ್ಟರ್ ಮೆಟ್ಟಿಲು ಹತ್ತಿ ಸುದ್ದಿ ತಂದ. ಹನ್ನೊಂದು ಹೆಂಗಸರೂ ಆರೂಕಾಲರವರೆಗೆ ಶುಂಠಿ ಹೊಲದ ಗುಡಿಸಲಲ್ಲಿ ಕುಳಿತು, ಆನೆಗಳು ದಾರಿ ಬಿಟ್ಟ ಮೇಲೆ ಮನೆ ಸೇರಿದರಂತೆ.

"ಕೆಂಚಮ್ಮ ಏನಂದ್ಲು?"

"ಬಯ್ತಾವ್ಳೆ ಕಣಮ್ಮ. ನಾಲ್ಕು ದಿನ ಮೂಗನಂಗಿದ್ದು, ನೆನ್ನೆ ಕಿವಿ ತೂತಾಗಂಗೆ ಅರಚ್ತು, ಸೊಲ್ಪ ಮೆತ್ತಗೆ ಕೂಗಕ್ಕೇಳು ಅಂದ್ಲು."

ಸುನಂದಮ್ಮ ಆಗಲಿ ಎಂದರು. ಮೊದಲ ಸರದಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಮೇಜಿನ ಮೇಲೆ ಕೈ ಮಡಿಸಿ, ಅದರ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದರು.