ಎಲುಬುಗೆರೆ ಬಿಡಿಸುವ ಪ್ಲಾಮೆನ್

ಪ್ಲೋವ್ದಿವ್ ಊರಿನ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ಪ್ಲಾಮೆನ್‌ನ ಕಣ್ಣಿಗೆ ಲೋಕದಲ್ಲಿರುವುದೆಲ್ಲ ಬರೀ ಎಲುಬು. ಕಂಪ್ಯೂಟರಿನೊಳಗಿನ ಆಕಾರಗಳನ್ನು ಸವೆಸಿ ಸವೆಸಿ ನಡುವಿನ ಗೆರೆಯನ್ನಷ್ಟೇ ಉಳಿಸುವುದು ಅವನ ಕೆಲಸ. ಆ ಗೆರೆ ಹಿಡಿದೇ ಸಿನಿಮಾದವರು ಗೊಂಬೆ ಕುಣಿಸುತ್ತಾರಂತೆ. ಚೀಸ್ ತುಂಬಿ ಸುತ್ತಿದ ಬಿಸಿ ಬಾನಿತ್ಸಾ ರೊಟ್ಟಿ ಕೊಟ್ಟರೂ ತಿರುಗಿಸಿ ನೋಡಿ, "ಅಜ್ಜಿ, ಇದು ಒಂದು ಸುರುಳಿ ಗೆರೆ, ಮಿಕ್ಕಿದ್ದೆಲ್ಲ ಮಾಂಸ" ಅನ್ನುತ್ತಾನೆ. "ನಿನ್ನ ಮೈಮೇಲೆ ಅದೂ ಇಲ್ಲ, ಮೊದಲು ತಿನ್ನೋ" ಎಂದು ಗದರುತ್ತೇನೆ. ಆಕಾರದ ಮೈಯಲ್ಲಿ ಸಣ್ಣ ಉಬ್ಬಿದ್ದರೂ ಗೆರೆಗೆ ಸುಳ್ಳು ಕವಲೊಡೆಯುತ್ತದೆ, ಅದನ್ನು ಸವರಿ ಹಾಕಬೇಕು ಎಂಬುದು ಅವರ ಕಸುಬಿನ ಶಾಸ್ತ್ರ. ಮೊನ್ನೆ ಅವನ ಮೇಲಧಿಕಾರಿ ಬಂದು ಮೆಟ್ಟಿಲ ಮೇಲೇ ಕೂಗಾಡಿದ: "ಆ ಹೆಂಗಸಿನ ಹೊಟ್ಟೇಲಿರೋ ಕವಲು ಕತ್ತರಿಸೋ ಮಾರಾಯ! ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ." "ಬರಲ್ಲ ಬಿಡಿ" ಅಂದ ಪ್ಲಾಮೆನ್. ಆ ಆಕಾರ ಅವನ ಹೆಂಡತಿ ಸ್ನೆಝಾನಾಳದು; ಏಳು ತಿಂಗಳ ಬಸುರಿಯಾಗಿದ್ದಾಗ ಕೆಲಸಕ್ಕೆಂದು ಅವನೇ ಅಳೆದುಕೊಂಡದ್ದು. ಅಳೆದ ಮರುವಾರವೇ ಅವಳು ತೀರಿಕೊಂಡಳು. ಊರ ರೂಢಿಯಂತೆ ಸಾವಿನ ಕಾಗದವನ್ನು ಬೀದಿ ಬಾಗಿಲಿಗೆ ಅಂಟಿಸಿದವಳು ನಾನೇ. ಅದರಲ್ಲಿ ಒಂದೇ ಫೋಟೋ, ಒಂದೇ ಹೆಸರು. ಹುಟ್ಟದ ಮಗುವಿಗೆ ನಮ್ಮಲ್ಲಿ ಕಾಗದ ಅಚ್ಚು ಹಾಕಿಸುವುದಿಲ್ಲ.