ಗೋಡೆ ಪಕ್ಕದ ಬ್ರೋನಾ

ಬೆಲ್‌ಫಾಸ್ಟ್‌ನಲ್ಲಿ ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಕೇರಿಗಳನ್ನು ಬೇರೆ ಮಾಡಿದ ಗೋಡೆಯ ಆಚೆಯವರನ್ನೂ ಈಚೆಯವರನ್ನೂ ಒಂದೇ ಮೇಜಿಗೆ ಕೂರಿಸಿ ಮಾತಾಡಿಸುವ ಬ್ರೋನಾಳನ್ನು ಕಂಡರೆ ನನಗೆ ಹೊಟ್ಟೆಯುರಿ. ನಾನೂ ಅದೇ ಕೆಲಸದವಳು. ಅವಳಂಥದೇ ಕಪ್‌ಗಳನ್ನು ತಂದೆ, ಅವಳಂತೆಯೇ ಚಹಾದ ಜೊತೆಗಿನ ಸ್ಕೋನ್ ಬನ್ನು ಬೇಯಿಸಿದೆ, ನನ್ನ ಸಭೆಗೆ ಬಂದದ್ದು ಪಾದ್ರಿಯೊಬ್ಬರ ನಾಯಿ ಮಾತ್ರ. ಅವಳ ಸಭೆಗೋ, ಕಡುವೈರಿಗಳು ಕುರ್ಚಿ ಹಿಡಿಯಲು ಅರ್ಧ ಗಂಟೆ ಮೊದಲೇ ಬರುತ್ತಾರೆ. "ಮೊದ್ಲು ಎದುರಿನೋರು ಹೇಳಿದ್ದನ್ನ ನಿಮ್ ಬಾಯಲ್ಲಿ ಹೇಳಿ, ಆಮೇಲೆ ಬೈಯೋರಂತೆ" ಎಂಬುದೊಂದೇ ಅವಳ ಕಟ್ಟಳೆ, ಯಾರಿಗೂ ರಿಯಾಯಿತಿಯಿಲ್ಲ. ಗುಟ್ಟು ಕಲಿಯೋಣವೆಂದು ನಾನೂ ಗುರುವಾರಗಳಂದು ಅವಳ ಸಭೆಯ ಮೂಲೆಯಲ್ಲಿ ಕೂರುತ್ತೇನೆ. ಜೈಲು ಮುಗಿಸಿ ಬಂದ ಮುದುಕ ನಾರ್ಮನ್ ಪ್ರತಿ ಸಲವೂ ಅವಳಿಗೆ, "ನಿಮ್ಮಣ್ಣನ್ನ ಕೊಂದೋನು ನಾನೇ ಕಣಮ್ಮಾ, ತಪ್ಪಾಯ್ತು" ಎನ್ನುತ್ತಾನೆ. ಕಟ್ಟಳೆಯಂತೆ ಈಗ ಅವಳು ಅದನ್ನು ತನ್ನ ಬಾಯಲ್ಲಿ ಹೇಳಬೇಕು. "ನೀರು ಕಾಯ್ಸ್ಕೊಂಡ್ ಬರ್ತೀನಿ" ಎಂದು ಎದ್ದು ಒಳಗೆ ಹೋಗುತ್ತಾಳೆ. ಮೇಜಿನ ಮೇಲೆ, ಅವಳೇ ಆಗಷ್ಟೇ ತಂದಿಟ್ಟ ಕೆಟಲ್ ಹಬೆಯಾಡುತ್ತಿರುತ್ತದೆ.