ತಂಗಿಯ ಮನೆ ಮುಟ್ಟದ ತಡೆಗೋಡೆ

ಊರಿನವರು ಅವನನ್ನು ಬಂಡೆ ಎಂದೇ ಕರೆಯುತ್ತಿದ್ದರು. ಕೋರೆಯಿಂದ ಕಲ್ಲುಬಂಡೆಗಳನ್ನು ಲಾರಿಯಲ್ಲಿ ತಂದು ಸಮುದ್ರದ ದಡಕ್ಕೆ ಸುರಿಯುವುದು ಅವನ ಕೆಲಸ. ಅಲೆ ಊರನ್ನು ನುಂಗದಿರಲೆಂದು ಸರಕಾರ ಅಲ್ಲಿ ತಡೆಗೋಡೆ ಕಟ್ಟಿಸುತ್ತಿತ್ತು. ಮಾತು ಕಡಿಮೆ, ಮೈತುಂಬ ಕಲ್ಲಿನ ಧೂಳು. ನಕ್ಕರೆ ಹಲ್ಲು ಮಾತ್ರ ಬೆಳ್ಳಗೆ ಕಾಣುತ್ತಿತ್ತು.

ಅವನಿಗಿದ್ದವಳು ಒಬ್ಬಳೇ ತಂಗಿ. ಗಂಡ ತೀರಿಕೊಂಡ ಮೇಲೆ ದಡದ ಕೊನೆಯ ಮನೆಯಲ್ಲಿ ಬಟ್ಟೆ ಹೊಲಿದು ಮಗಳನ್ನು ಸಾಕುತ್ತಿದ್ದಳು. ದಡದಲ್ಲಿದ್ದವರಿಗೆ ಸರಕಾರ ದೂರದ ಬಡಾವಣೆಯಲ್ಲಿ ಮನೆ ಕೊಟ್ಟಾಗ ಅವಳಿಗೂ ಒಂದು ಸಿಕ್ಕಿತ್ತು. ಬೇಡವೆಂದದ್ದು ಅಣ್ಣನೇ.

“ಅಲ್ಲಿ ನಿನ್ನ ಹತ್ರ ಯಾರು ಹೊಲಿಸ್ತಾರೆ? ಗೋಡೆ ನಿನ್ನ ಬಾಗಿಲ ಮುಂದೇನೇ ಹೋಗತ್ತೆ. ಕಲ್ಲು ಹಾಕೋನು ನಾನು ತಾನೇ?”

“ಕಲ್ಲು ಹಾಕೋನು ನೀನು ಸರಿ, ಗೋಡೆ ನಿಂದಾ?” ಎಂದು ತಂಗಿ ನಕ್ಕಳು. ಆದರೂ ಅಣ್ಣನ ಮಾತು ಮೀರಲಿಲ್ಲ. ಆ ಮನೆ ಬೇರೆಯವರ ಪಾಲಾಯಿತು.

ಆಮೇಲೆ ಕೋರೆಯಲ್ಲಿ ಬಿರುಕಿಲ್ಲದ ದೊಡ್ಡ ಬಂಡೆ ಕಂಡಾಗಲೆಲ್ಲ ಅವನು ಅದನ್ನು ಪಕ್ಕಕ್ಕೆ ಇಡಿಸತೊಡಗಿದ. ಗೋಡೆ ತಂಗಿಯ ಮನೆ ಮುಟ್ಟಿದಾಗ ಹಾಕಲಿಕ್ಕೆ.

“ಜನ ತಂಗೀಗೆ ಬಂಗಾರ ಕೊಡ್ತಾರೆ, ನೀನು ಬಂಡೆ ಕೊಡ್ತೀಯಲ್ಲೋ!” ಎಂದು ಜೊತೆಯವರು ರೇಗಿಸುತ್ತಿದ್ದರು.

“ಬಂಗಾರ ಅಲೆ ತಡೆಯತ್ತಾ?” ಎನ್ನುತ್ತಿದ್ದ.

ಗೋಡೆ ಅವಳ ಮನೆಗೆ ಇನ್ನು ಒಂದು ಕೂಗಳತೆ ದೂರ ಇರುವಾಗ ಕೆಲಸ ನಿಂತಿತು. ಮಂಜೂರಾದದ್ದು ಅಷ್ಟೇ ಎಂದರು. ಬಂಡೆ ಇಂಜಿನಿಯರನ ಎದುರು ಕೈಕಟ್ಟಿ ನಿಂತ.

“ಸಾರ್, ಒಳ್ಳೇ ಬಂಡೆ ತೆಗೆದಿಟ್ಟಿದ್ದೀನಿ. ಅವನ್ನಾದ್ರೂ ಹಾಕ್ಲಾ?”

“ಬರೀ ಬಂಡೆ ಸುರಿದ್ರೆ ಗೋಡೆ ಆಗಲ್ಲಪ್ಪಾ. ಅಡಿಪಾಯ ಬೇಕು. ಮುಂದಿನ ವರ್ಷ ಮತ್ತೆ ಬರೆದು ಕೇಳ್ತೀನಿ.” ಆತ ಕೆಟ್ಟವನಲ್ಲ, ಹೇಳುವಾಗ ಅವನ ಮುಖವೂ ಬಾಡಿತ್ತು.

ಸಮುದ್ರ ಮುಂದಿನ ವರ್ಷದವರೆಗೆ ಕಾಯಲಿಲ್ಲ. ಗೋಡೆಗೆ ಬಡಿದ ಅಲೆಗಳು ಅದರ ತುದಿಯಲ್ಲಿ ತಿರುಗಿ, ಮೊದಲಿಗಿಂತ ಜೋರಾಗಿ ತಂಗಿಯ ಅಂಗಳದ ಮೇಲೆಯೇ ಬಿದ್ದವು. ಅಂಗಳ ಹೋಯಿತು. ಒಂದು ಮಧ್ಯಾಹ್ನ ಅಡುಗೆಮನೆಯ ಗೋಡೆ ಕುಸಿಯಿತು. ಅವನು ಲಾರಿ ತಂದು ಹೊಲಿಗೆ ಯಂತ್ರ, ಪಾತ್ರೆ, ಹಾಸಿಗೆ ಏರಿಸಿದ.

ಈಗ ಮೂವರೂ ಅವನ ಬಾಡಿಗೆ ಕೋಣೆಯಲ್ಲಿದ್ದಾರೆ. ಯಂತ್ರ ಇಡಲು ಜಾಗವಿಲ್ಲದೆ ಅದನ್ನು ಮಂಚದ ಕೆಳಗೆ ತಳ್ಳಿದ್ದಾರೆ.

“ಮಾವ, ಗೋಡೆ ಹಿಂದಿನ ಮನೆಗಳೆಲ್ಲ ಉಳಿದ್ವಂತೆ. ನಿನ್ನ ಗೋಡೆ ಗಟ್ಟಿ ಇದೆ ಅಲ್ವಾ?” ಎಂದಳು ಹುಡುಗಿ.

ಅವನ ಕೈಯ ತುತ್ತು ಕೈಯಲ್ಲೇ ಉಳಿಯಿತು.

“ಒಂದ್ಸಲ ಬೈದುಬಿಡಮ್ಮಾ,” ಎಂದ ತಂಗಿಗೆ.

“ಬೈದ್ರೆ ಮನೆ ಬರತ್ತಾ ಅಣ್ಣಾ? ಊಟ ಮಾಡು.”

ಅವನು ತಲೆ ಎತ್ತಲಿಲ್ಲ. ಅವನು ಉಣ್ಣಲಿ ಎಂದು ಅವಳು ಮುಖ ಆಚೆ ತಿರುಗಿಸಿ ಕುಳಿತಳು.